ಕಡಿಮೆ ಸೋಡಿಯಂ ಉಪ್ಪು: ಕೊಡಗಿನ ಅಡುಗೆಗೆ ಎಷ್ಟು ಒಗ್ಗುತ್ತದೆ?

ನಲವತ್ತು ದಾಟಿದ ಮೇಲೆ ಬಿ.ಪಿ. 140ರ ಆಸುಪಾಸಿಗೆ ಬಂದರೆ ಡಾಕ್ಟರು ಮೊದಲು ಹೇಳುವ ಮಾತು “ಉಪ್ಪು ಕಡಿಮೆ ಮಾಡಿ”. ಆಸ್ಪತ್ರೆಯಿಂದ ಮನೆಗೆ ಹೋಗುವ ದಾರಿಯಲ್ಲೇ ಅನೇಕರು ದಿನಸಿ ಅಂಗಡಿ ಹೊಕ್ಕು ‘ಲೋ ಸೋಡಿಯಂ’ ಅಥವಾ ‘ಲೈಟ್’ ಎಂದು ಬರೆದ ಉಪ್ಪಿನ ಪೊಟ್ಟಣ ತರುತ್ತಾರೆ. ತಂದ ಮೇಲೆ ಸಾಮಾನ್ಯವಾಗಿ ಎರಡರಲ್ಲಿ ಒಂದಾಗುತ್ತದೆ. ಗಂಜಿಗೆ ಹಾಕಿ, ಕಹಿ ಎಂದು ಮೂಲೆಗೆ ತಳ್ಳುತ್ತಾರೆ. ಇಲ್ಲವೇ, ಇದು ಬಿ.ಪಿ.ಯವರ ಉಪ್ಪು ತಾನೇ, ಎಷ್ಟು ಹಾಕಿದರೂ ನಡೆಯುತ್ತದೆ ಎಂದು ಕೈಬಿಚ್ಚಿ ಸುರಿಯುತ್ತಾರೆ. ಎರಡೂ ತಪ್ಪು. ಈ ಉಪ್ಪು ಒಳ್ಳೆಯ ವಸ್ತು. ಕೊಡಗಿನ ಅಡುಗೆಗೆ, ಅದರಲ್ಲೂ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಬೀಳುವ ಅಡುಗೆಗೆ, ಚೆನ್ನಾಗಿಯೇ ಒಗ್ಗುತ್ತದೆ. ಆದರೆ ಯಾವ ಪೊಟ್ಟಣ, ಯಾವ ಪದಾರ್ಥಕ್ಕೆ, ಯಾರ ತಟ್ಟೆಗೆ ಎನ್ನುವುದು ಗೊತ್ತಿಲ್ಲದೆ ತಂದರೆ ದುಡ್ಡು ದಂಡ. ಕೆಲವರಿಗಂತೂ ಅಪಾಯ.

ಮೊದಲು ಪೊಟ್ಟಣದೊಳಗೆ ಏನಿದೆ ನೋಡೋಣ. ನಾವು ದಿನಾ ಬಳಸುವ ಉಪ್ಪು ಸೋಡಿಯಂ ಕ್ಲೋರೈಡ್. ಅದರ ತೂಕದಲ್ಲಿ ಸುಮಾರು ಶೇ. 39ರಷ್ಟು ಸೋಡಿಯಂ. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಒಂದಷ್ಟು ಪಾಲನ್ನು ತೆಗೆದು ಅದರ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಎಷ್ಟು ಪಾಲು ಎನ್ನುವುದೇ ಇಲ್ಲಿ ಮುಖ್ಯ, ಮತ್ತು ಅದು ಪೊಟ್ಟಣದಿಂದ ಪೊಟ್ಟಣಕ್ಕೆ ಬೇರೆ. ಟಾಟಾ ಸಾಲ್ಟ್ ಲೈಟ್‌ನಂಥವು ಸೋಡಿಯಂ ಶೇ. 15ರಷ್ಟು ಕಡಿಮೆ ಎನ್ನುತ್ತವೆ. ಶೇ. 25–30ರಷ್ಟು ಕಡಿಮೆ ಇರುವಂಥವೂ ಇವೆ. ಸೋಡಿಯಂ ಇಲ್ಲವೇ ಇಲ್ಲ ಎನ್ನುವ ಅಪ್ಪಟ ಪೊಟ್ಯಾಸಿಯಂ ಉಪ್ಪು ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದನ್ನು ಅಡುಗೆಮನೆಗೆ ತರಬೇಡಿ. ಮುಂಭಾಗದ ದೊಡ್ಡ ಅಕ್ಷರ ಬಿಟ್ಟು ಪೊಟ್ಟಣ ತಿರುಗಿಸಿ, ಹಿಂಭಾಗದ ಪೋಷಕಾಂಶ ಪಟ್ಟಿಯಲ್ಲಿ ‘ಸೋಡಿಯಂ, 100 ಗ್ರಾಂಗೆ’ ಎನ್ನುವ ಸಾಲು ಹುಡುಕಿ. ಮಾಮೂಲಿ ಉಪ್ಪಿನಲ್ಲಿ ಅದು 38,000ದಿಂದ 39,000 ಮಿಲಿಗ್ರಾಂ. ಶೇ. 15 ಕಡಿಮೆಯದರಲ್ಲಿ 33,000ದ ಹತ್ತಿರ, ಶೇ. 30 ಕಡಿಮೆಯದರಲ್ಲಿ 27,000ದ ಹತ್ತಿರ ಇರಬೇಕು. ಹೆಸರು ಏನೇ ಇರಲಿ, ಈ ಅಂಕಿ 37,000ಕ್ಕಿಂತ ಮೇಲಿದ್ದರೆ ಅದು ಮಾಮೂಲಿ ಉಪ್ಪೇ. ‘ಅಯೋಡೈಸ್ಡ್’ ಎಂಬ ಮಾತೂ ಇರಲೇಬೇಕು.

ಹಾಗೆ ತಿರುಗಿಸಿ ನೋಡಿದಾಗ ಮೊದಲು ಬಿದ್ದುಹೋಗುವುದು ಗುಲಾಬಿ ಹಿಮಾಲಯನ್ ಉಪ್ಪು ಮತ್ತು ಸೈಂಧವ ಲವಣ. ಬಿ.ಪಿ.ಗೆ ಒಳ್ಳೆಯದೆಂದು ನಾಲ್ಕು ಪಟ್ಟು ಬೆಲೆ ಕೊಟ್ಟು ತರುವವರಿದ್ದಾರೆ. ಅದು ಬಹುತೇಕ ಸೋಡಿಯಂ ಕ್ಲೋರೈಡೇ, ಮೇಲಾಗಿ ಅದರಲ್ಲಿ ಅಯೋಡಿನ್ ಸಾಮಾನ್ಯವಾಗಿ ಇರುವುದಿಲ್ಲ. ಕಲ್ಲುಪ್ಪಿನ ಕತೆಯೂ ಅಷ್ಟೇ.

ಇನ್ನು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ 2,000 ಮಿಲಿಗ್ರಾಂ ಸೋಡಿಯಂ. ಮಟ್ಟಸ ಮಾಡಿದ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ದೇಶದಲ್ಲಿ 2017–18ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ಸರಾಸರಿ ಸೇವನೆ ದಿನಕ್ಕೆ ಸುಮಾರು 8 ಗ್ರಾಂ. ಅದರಲ್ಲಿ 6 ಗ್ರಾಂ ಮನೆಯ ಅಡುಗೆಯಲ್ಲಿ ಬೀಳುತ್ತದೆ, 2 ಗ್ರಾಂ ಉಪ್ಪಿನಕಾಯಿ, ಬೇಕರಿ, ಹೋಟೆಲಿನಿಂದ ಬರುತ್ತದೆ ಎಂದಿಟ್ಟುಕೊಳ್ಳಿ. ಶೇ. 15 ಕಡಿಮೆಯ ಪೊಟ್ಟಣ ತಂದು ಬೇರೇನೂ ಬದಲಿಸದಿದ್ದರೆ 8 ಗ್ರಾಂ 7.1ಕ್ಕೆ ಇಳಿಯುತ್ತದೆ. ಶೇ. 30 ಕಡಿಮೆಯದು ತಂದರೆ 6.2ಕ್ಕೆ. ಪೊಟ್ಟಣ ಬದಲಿಸದೆ ಬರೀ ಚಮಚವನ್ನು ಕಾಲು ಭಾಗ ಇಳಿಸಿದರೆ 6.5ಕ್ಕೆ. ಎರಡನ್ನೂ ಒಟ್ಟಿಗೆ ಮಾಡಿದರೆ 5.15ಕ್ಕೆ ಬಂದು ನಿಲ್ಲುತ್ತದೆ. ಪೊಟ್ಟಣ ಅರ್ಧ ಕೆಲಸ ಮಾಡುತ್ತದೆ, ಇನ್ನರ್ಧ ಚಮಚದ್ದು. ಶೇ. 15ರ ಪೊಟ್ಟಣ ತಂದವರು ರುಚಿ ಸಾಲದೆಂದು ಆರು ಚಮಚದ ಜಾಗಕ್ಕೆ ಏಳು ಹಾಕಿದರೆ ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು. ಆದ್ದರಿಂದ ಕೊಳ್ಳುವುದಾದರೆ ಶೇ. 25–30ರದ್ದನ್ನೇ ಕೊಳ್ಳಿ. ಜೊತೆಗೆ ಅಳತೆ ಚಮಚವೊಂದನ್ನು ಉಪ್ಪಿನ ಡಬ್ಬಿಯಲ್ಲೇ ಇಟ್ಟುಬಿಡಿ. ಕೈಯಲ್ಲಿ ತೆಗೆದು ಹಾಕುವ ರೂಢಿಯಿರುವ ಮನೆಯಲ್ಲಿ ಯಾವ ಉಪ್ಪು ತಂದರೂ ಲೆಕ್ಕ ಸಿಗುವುದಿಲ್ಲ.

ಮಧ್ಯವಯಸ್ಸಿನಲ್ಲಿ ಇದು ಯಾಕಿಷ್ಟು ಮುಖ್ಯ? ಇಪ್ಪತ್ತೈದರಲ್ಲಿ ಇದೇ ಪಂದಿ ಕರಿ (ಹಂದಿ ಮಾಂಸದ ಕರಿ), ಇದೇ ಒಣಮೀನು ತಿಂದು ಬಿ.ಪಿ. 120 ಇತ್ತಲ್ಲ ಎಂದು ಕೇಳುವವರಿದ್ದಾರೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುವುದು ಬರೀ ಗಾದೆಯಲ್ಲ. ಮೈಯಲ್ಲಿ ಉಳಿದ ಸೋಡಿಯಂ ತನ್ನೊಂದಿಗೆ ನೀರನ್ನೂ ಹಿಡಿದಿಟ್ಟುಕೊಂಡು ರಕ್ತದ ಪ್ರಮಾಣ ಹೆಚ್ಚಿಸುತ್ತದೆ. ಹರೆಯದಲ್ಲಿ ಕಿಡ್ನಿ ಆ ಹೆಚ್ಚುವರಿಯನ್ನು ಬೇಗ ಹೊರಹಾಕುತ್ತದೆ, ದೊಡ್ಡ ರಕ್ತನಾಳಗಳು ರಬ್ಬರಿನಂತೆ ಹಿಗ್ಗಿ ಒತ್ತಡ ತಡೆಯುತ್ತವೆ. ನಲವತ್ತು, ಐವತ್ತಕ್ಕೆ ಬರುವಾಗ ನಾಳಗಳು ಗಡುಸಾಗುತ್ತವೆ, ಕಿಡ್ನಿ ನಿಧಾನವಾಗುತ್ತದೆ, ಸೊಂಟದ ಸುತ್ತ ನಾಲ್ಕೈದು ಕಿಲೋ ಸೇರಿರುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಉಪ್ಪಿನ ಪರಿಣಾಮ ಇನ್ನೂ ಎದ್ದು ಕಾಣುತ್ತದೆ. ಅದೇ ಉಪ್ಪು, ಅದೇ ಅಳತೆ, ಆದರೆ ಬಿ.ಪಿ.ಯ ಮೇಲಿನ ಅಂಕಿ ಮಾತ್ರ ವರ್ಷ ವರ್ಷವೂ ಏರುತ್ತ ಹೋಗುತ್ತದೆ. ಪೊಟ್ಯಾಸಿಯಂ ಇದಕ್ಕೆ ಉಲ್ಟಾ ಕೆಲಸ ಮಾಡುತ್ತದೆ. ಸೋಡಿಯಂ ಮೂತ್ರದಲ್ಲಿ ಹೊರಹೋಗಲು ಸಹಾಯ ಮಾಡುತ್ತದೆ, ನಾಳದ ಗೋಡೆಯ ಬಿಗಿ ಸಡಿಲಿಸುತ್ತದೆ. ಬರೀ ಉಪ್ಪು ಕಡಿಮೆ ಮಾಡುವುದಕ್ಕಿಂತ ಉಪ್ಪು ಬದಲಿಸುವುದರಲ್ಲಿ ಲಾಭ ಹೆಚ್ಚು ಎನ್ನುವುದು ಈ ಕಾರಣಕ್ಕೆ.

ಇದು ಬಾಯಿಮಾತಲ್ಲ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ಐದು ವರ್ಷದಷ್ಟು ಕಾಲ ಪ್ರಯೋಗ ನಡೆಯಿತು. ಅರ್ಧ ಹಳ್ಳಿಗಳಿಗೆ ಶೇ. 25ರಷ್ಟು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು, ಇನ್ನರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪು. 2021ರಲ್ಲಿ ಫಲಿತಾಂಶ ಬಂದಾಗ ಬದಲಿ ಉಪ್ಪು ತಿಂದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಿತ್ತು. ಅವರು ಮೊದಲೇ ಪಾರ್ಶ್ವವಾಯು ಆದವರು, ಇಲ್ಲವೇ 60 ದಾಟಿ ಬಿ.ಪಿ. ಇದ್ದವರು ಎನ್ನುವುದು ನೆನಪಿರಲಿ. ನಲವತ್ತೈದರ ಆರೋಗ್ಯವಂತನಿಗೆ ಅಷ್ಟೇ ಲಾಭ ಎಂದು ಇದರಿಂದ ಹೇಳಲಾಗದು. ನಮಗೆ ಹತ್ತಿರದ್ದು ತೆಲಂಗಾಣದ ಸಿದ್ದಿಪೇಟೆ ಜಿಲ್ಲೆಯ ಹಳ್ಳಿಗಳಲ್ಲಿ ಬಿ.ಪಿ. ಇದ್ದ 502 ಜನರ ಮೇಲೆ ನಡೆದದ್ದು. 70:30 ಬೆರಕೆಯ (ಸೋಡಿಯಂ ಕ್ಲೋರೈಡ್ 70, ಪೊಟ್ಯಾಸಿಯಂ ಕ್ಲೋರೈಡ್ 30) ಉಪ್ಪು ಮೂರು ತಿಂಗಳು ತಿಂದಾಗ ಮೇಲಿನ ಅಂಕಿ ಸರಾಸರಿ 4.6 ಇಳಿಯಿತು. 150 ಇದ್ದದ್ದು 120 ಆಗಲಿಲ್ಲ, 145ರ ಹತ್ತಿರ ಬಂತು ಎಂದು ಓದಿಕೊಳ್ಳಿ. ಮಾತ್ರೆಗೆ ಇದು ಬದಲಿಯಲ್ಲ. ಮಾತ್ರೆ ಚೆನ್ನಾಗಿ ಕೆಲಸ ಮಾಡಲು ಇದು ದಾರಿ ಬಿಡಿಸುತ್ತದೆ, ಅಷ್ಟೇ. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಮನೆಯ ಉಪ್ಪಿಗೆ ಬದಲಾಗಿ ಇಂಥ ಉಪ್ಪು ಬಳಸಬಹುದೆಂದು ಸಲಹೆ ಕೊಟ್ಟಿತು. ಮಕ್ಕಳು, ಗರ್ಭಿಣಿಯರು, ಕಿಡ್ನಿ ತೊಂದರೆ ಇದ್ದವರು, ಬೇರೆ ಕಾರಣಕ್ಕೆ ಮೈಯಿಂದ ಪೊಟ್ಯಾಸಿಯಂ ಸರಿಯಾಗಿ ಹೊರಹೋಗದವರು, ಇವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ.

ಈಗ ಒಲೆಯ ಹತ್ತಿರ ಬರೋಣ. ಪೊಟ್ಯಾಸಿಯಂ ಕ್ಲೋರೈಡ್‌ಗೆ ತನ್ನದೇ ಒಂದು ರುಚಿಯಿದೆ. ನಾಲಿಗೆಯ ತುದಿಗೆ ಉಪ್ಪು, ನುಂಗಿದ ಮೇಲೆ ಹಿಂಬದಿಯಲ್ಲಿ ಸಣ್ಣ ಕಹಿ, ತುಸು ಲೋಹದ ವಾಸನೆಯಂಥದ್ದು. ಹುಳಿ, ಖಾರ, ಹುರಿದ ಮಸಾಲೆ ಇದ್ದಲ್ಲಿ ಅದು ಮುಚ್ಚಿಹೋಗುತ್ತದೆ. ಏನೂ ಇಲ್ಲದ ಬಿಳೀ ಪದಾರ್ಥದಲ್ಲಿ ಬೆತ್ತಲಾಗಿ ನಿಲ್ಲುತ್ತದೆ. ಈ ಒಂದು ಸೂತ್ರ ಹಿಡಿದರೆ ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಬಾರದು ಎನ್ನುವುದು ತಾನಾಗಿ ಗೊತ್ತಾಗುತ್ತದೆ.

ಪಂದಿ ಕರಿ ಇದಕ್ಕೆ ಹೇಳಿ ಮಾಡಿಸಿದ ಪದಾರ್ಥ. ಒಂದು ಕಿಲೋ ಮಾಂಸಕ್ಕೆ ಮಟ್ಟಸ ಮೂರು ಟೀ ಚಮಚ ಉಪ್ಪು ಹಾಕುವ ಮನೆಗಳು ಬೇಕಾದಷ್ಟಿವೆ. ಅಂದರೆ ಸುಮಾರು 18 ಗ್ರಾಂ. ಆರು ಜನ ಉಂಡರೆ ತಲೆಗೆ 3 ಗ್ರಾಂ, ಒಂದೇ ಪದಾರ್ಥದಲ್ಲಿ ದಿನದ ಪಾಲಿನ ಅರ್ಧಕ್ಕಿಂತ ಹೆಚ್ಚು. ಇದೇ ಕಿಲೋಗೆ ಶೇ. 30 ಕಡಿಮೆಯ ಉಪ್ಪು ಎರಡು ಚಮಚ ಹಾಕಿದರೆ ಸೋಡಿಯಂ ಲೆಕ್ಕದಲ್ಲಿ ತಲೆಗೆ 1.4 ಗ್ರಾಂ ಉಪ್ಪಿನಷ್ಟು ಮಾತ್ರ ಆಗುತ್ತದೆ. ರುಚಿ ಸಾಲದೆ ಹೋಗುತ್ತದೆಯೇ? ಇಲ್ಲಿ ಕ್ರಮ ಮುಖ್ಯ. ಅರಿಶಿನ, ಖಾರದ ಪುಡಿ, ಉಪ್ಪು ಸವರಿ ಮಾಂಸ ನೆನೆಹಾಕುವಾಗ ಪೂರ್ತಿ ಉಪ್ಪು ಹಾಕುವುದು ರೂಢಿ. ಅದರ ಬದಲು ಆಗ ಒಂದೇ ಚಮಚ ಹಾಕಿ. ಮಾಂಸ ಬೆಂದು, ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ ಕಪ್ಪಗೆ ಹುರಿದ ಪುಡಿ ಬಿದ್ದು, ಕೊನೆಗೆ ಒಂದೂವರೆ ದೊಡ್ಡ ಚಮಚ ಕಾಚಂಪುಳಿ ಸೇರಿಸಿ ಐದು ನಿಮಿಷ ಕುದಿಸಿ. ಉಪ್ಪು ನೋಡುವುದು ಅದಾದ ಮೇಲೆ. ಹುಳಿ ಬಿದ್ದ ಕೂಡಲೇ ಅದೇ ಉಪ್ಪು ಹೆಚ್ಚಾಗಿ ನಾಲಿಗೆಗೆ ಬರುತ್ತದೆ. ಕಾಚಂಪುಳಿಗೆ ಮೊದಲೇ ರುಚಿ ನೋಡಿ ಸಪ್ಪೆ ಎಂದು ಇನ್ನೊಂದು ಚಮಚ ಹಾಕುವುದೇ ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು. ಉಳಿದ ಒಂದು ಚಮಚದಲ್ಲಿ ಅರ್ಧವೇ ಸಾಕಾಗುವುದೂ ಉಂಟು.

ಒಂದು ಎಚ್ಚರಿಕೆ ಮಾತ್ರ ಬೇಕು. ಮಸಾಲೆ ಕಪ್ಪಗೆ ಹುರಿಯುವುದಕ್ಕೂ ಕರಕಲಾಗುವುದಕ್ಕೂ ಇರುವ ಅಂತರ ಅರ್ಧ ನಿಮಿಷ. ಕರಕಲು ಕಹಿಯ ಮೇಲೆ ಪೊಟ್ಯಾಸಿಯಂ ಕಹಿ ಸೇರಿದರೆ ಏನು ಮಾಡಿದರೂ ಸರಿಹೋಗದು. ಮೆಂತ್ಯ ಹಾಕುವ ಮನೆಯವರು ಈ ಉಪ್ಪು ಬಳಸುವಾಗ ಮೆಂತ್ಯವನ್ನು ಅರ್ಧಕ್ಕೆ ಇಳಿಸಿ. ಪಂದಿ ಕರಿಯ ಕೊಬ್ಬು ನೇರವಾಗಿ ಬಿ.ಪಿ. ಏರಿಸುವುದಕ್ಕಿಂತ ತೂಕದ ಮೂಲಕ, ಕೊಲೆಸ್ಟ್ರಾಲ್ ಮೂಲಕ ತೊಂದರೆ ಕೊಡುತ್ತದೆ. ಒಂದು ಕಿಲೋ ತೂಕ ಇಳಿದರೆ ಮೇಲಿನ ಅಂಕಿ ಸುಮಾರು ಒಂದು ಇಳಿಯುತ್ತದೆ ಎನ್ನುವುದು ಇಲ್ಲಿ ಲೆಕ್ಕಕ್ಕೆ ಬರುವ ಮಾತು.

ಕೋಳಿ ಕರಿ, ಕುಮ್ಮ್ (ಅಣಬೆ) ಕರಿ, ಕೆಂಬು (ಕೆಸು) ಕರಿ, ಕಾಡುಮಾವಿನ ಕರಿ, ಹುರುಳಿ ಸಾರು, ಎಲ್ಲದಕ್ಕೂ ಈ ಉಪ್ಪು ಹೊಂದುತ್ತದೆ. ಕಾಡುಮಾವಿನ ಕರಿಯಲ್ಲಿ ಹುಳಿ ಮತ್ತು ಬೆಲ್ಲ ಎರಡೂ ಇರುವುದರಿಂದ ಕಹಿ ಗೊತ್ತೇ ಆಗುವುದಿಲ್ಲ. ಹೊಂದದವು: ಗಂಜಿ, ಮಜ್ಜಿಗೆ, ನಿಂಬೆ ಪಾನಕ, ಎಳ್ಳ್ ಪಜ್ಜಿ (ಎಳ್ಳಿನ ಚಟ್ನಿ), ಮೊಟ್ಟೆಯ ಮೇಲೆ, ಹೆಚ್ಚಿದ ಸೌತೆಕಾಯಿಯ ಮೇಲೆ ಉದುರಿಸುವುದು. ಇವುಗಳಿಗೆ ಮಾಮೂಲಿ ಉಪ್ಪನ್ನೇ ಅರ್ಧ ಅಳತೆಯಲ್ಲಿ ಹಾಕಿ. ಹೇಗೂ ಕರಿಯಲ್ಲಿ ಉಳಿಸಿದ್ದೀರಿ.

ಪುಟ್ಟುಗಳಿಗೆ ಮಾತ್ರ ಬೇರೆಯದೇ ಸಲಹೆ: ಉಪ್ಪನ್ನೇ ಬಿಟ್ಟುಬಿಡಿ. ಕಡಂಬುಟ್ಟಿಗೆ (ಹಬೆಯಲ್ಲಿ ಬೇಯಿಸುವ ಅಕ್ಕಿ ಉಂಡೆ) ಒಂದು ಬಟ್ಟಲು ಅಕ್ಕಿ ತರಿಗೆ ಎರಡು ಬಟ್ಟಲು ನೀರು ಕಾಯಿಸುವಾಗ ಕಾಲು, ಅರ್ಧ ಚಮಚ ಉಪ್ಪು ಹಾಕುವ ಪದ್ಧತಿಯಿದೆ. ಅಕ್ಕಿ ಒಟ್ಟಿಯ ಹಿಟ್ಟಿಗೂ ಹಾಗೆಯೇ, ನೂಲ್‌ಪುಟ್ಟಿಗೂ ಹಾಗೆಯೇ. ಒಟ್ಟಿಯನ್ನು ಯಾರೂ ಬರಿದಾಗಿ ತಿನ್ನುವುದಿಲ್ಲ, ಕರಿಯಲ್ಲಿ ಅದ್ದಿಯೇ ತಿನ್ನುವುದು. ಕರಿಯ ಉಪ್ಪು ಎರಡಕ್ಕೂ ಸಾಲುತ್ತದೆ. ಮೊದಲ ವಾರ ಸಪ್ಪೆ ಎನ್ನಿಸುತ್ತದೆ. ನಾಲಿಗೆ ಹೊಸ ಉಪ್ಪಿಗೆ ಹೊಂದಿಕೊಳ್ಳಲು ನಾಲ್ಕರಿಂದ ಎಂಟು ವಾರ ಬೇಕು, ಆಮೇಲೆ ಹಳೆಯ ಅಳತೆಯ ಒಟ್ಟಿ ಬಾಯಿಗಿಟ್ಟರೆ ಉಪ್ಪುಪ್ಪಾಗುತ್ತದೆ. ಬೆಳಿಗ್ಗೆ ಒಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಪುಟ್ಟು ಎಂದು ಮೂರು ಹೊತ್ತೂ ಅಕ್ಕಿ ತಿನ್ನುವ ಮನೆಯಲ್ಲಿ ಅಕ್ಕಿಗೆ ಬೀಳುವ ಉಪ್ಪನ್ನು ನಿಲ್ಲಿಸುವುದರಿಂದಲೇ ದಿನಕ್ಕೆ ಒಂದು ಗ್ರಾಂ ಉಳಿಯುವುದುಂಟು. ಒಂದು ಪೈಸೆ ಖರ್ಚಿಲ್ಲದ ಕೆಲಸ.

ಈ ಪೊಟ್ಟಣದಿಂದ ಸರಿಯಾಗದ್ದು ಒಂದಿದೆ. ಅದು ಕಕ್ಕಡದ ಗೂಡು. ಜುಲೈ, ಆಗಸ್ಟಿನ ಮಳೆಯಲ್ಲಿ ಹೊರಗೆ ಕಾಲಿಡಲಾಗದ ಕಾಲಕ್ಕೆಂದು ಕೂಡಿಡುವ ವಸ್ತುಗಳೆಲ್ಲ ಉಪ್ಪಿನ ಮೇಲೆಯೇ ನಿಂತವು. ಒಣಮೀನು, ಉಪ್ಪುನೀರಿನ ಕಣಿಲೆ (ಎಳೆ ಬಿದಿರು), ಉಪ್ಪಿನಲ್ಲಿ ಮುಳುಗಿಸಿದ ಕಾಡುಮಾವು, ಹಂದಿ ಮಾಂಸದ ಉಪ್ಪಿನಕಾಯಿ. ಉಪ್ಪು ಹಾಕಿ ಒಣಗಿಸಿದ ಮೀನಿನಲ್ಲಿ ತೂಕದ ಹತ್ತನೇ ಒಂದು ಭಾಗ ಮತ್ತು ಅದಕ್ಕೂ ಹೆಚ್ಚು ಉಪ್ಪೇ ಇರುವುದು ಸಾಮಾನ್ಯ. ಕೆಂಡದ ಮೇಲೆ ನೇರ ಸುಟ್ಟು ತಿಂದರೆ ಆ ಉಪ್ಪು ಪೂರ್ತಿ ಹೊಟ್ಟೆಗೆ. ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ನೆನೆಸಿ, ನಡುವೆ ಎರಡು ಸಲ ನೀರು ಚೆಲ್ಲಿ, ಹಿಂಡಿ, ಆಮೇಲೆ ಹುರಿಯಿರಿ. ಒಳ್ಳೆಯ ಪಾಲು ಉಪ್ಪು ನೀರಿನೊಂದಿಗೆ ಹೋಗುತ್ತದೆ, ಎಲ್ಲವೂ ಅಲ್ಲ. ಉಪ್ಪುನೀರಿನಿಂದ ತೆಗೆದ ಕಣಿಲೆಯನ್ನು ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ, ಬೆಳಿಗ್ಗೆ ಹೊಸ ನೀರಲ್ಲಿ ಕುದಿಸಿ ಆ ನೀರನ್ನೂ ಚೆಲ್ಲಿ. ಒಂದು ಚೂರು ಬಾಯಿಗೆ ಹಾಕಿ ನೋಡಿ, ಉಪ್ಪಿದ್ದರೆ ಬೈಂಬಳೆ (ಕಣಿಲೆ) ಕರಿಗೆ ಮತ್ತೆ ಉಪ್ಪು ಬೇಡ. ಹಸಿ ಕಣಿಲೆಯನ್ನೂ ದಿನ ದಿನ ನೀರು ಬದಲಿಸಿ ನೆನೆಸಿ ಬೇಯಿಸುವುದು ಅದರ ವಿಷಾಂಶ ಹೋಗಲಿ ಎಂದೇ, ಆ ಪದ್ಧತಿ ಇಲ್ಲೂ ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಉಪ್ಪಿನಕಾಯಿಯನ್ನೇ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಹಾಕಬಹುದಲ್ಲ ಎಂಬ ಯೋಚನೆ ಬರುತ್ತದೆ. ಬೇಡ. ಜಾಡಿಯಲ್ಲಿ ಉಪ್ಪು ಇರುವುದು ರುಚಿಗಲ್ಲ, ಕೊಳೆಯದಿರಲಿಕ್ಕೆ. ಹಿರಿಯರಿಂದ ಬಂದ ಅಳತೆಯೆಲ್ಲ ಮಾಮೂಲಿ ಉಪ್ಪಿಗೆ ಕೂಡಿಬಂದದ್ದು. ಬೆರಕೆ ಉಪ್ಪು ಹಾಕಿ, ಅದನ್ನೂ ಕಡಿಮೆ ಹಾಕಿ ಮಾಂಸದ ಉಪ್ಪಿನಕಾಯಿ ಮಾಡಿದರೆ ಮಳೆಗಾಲದ ತೇವದಲ್ಲಿ ಕೆಡುವ ಭಯವಿದೆ. ಕೆಟ್ಟ ಮಾಂಸದ ವಿಷ ಬಿ.ಪಿ.ಗಿಂತ ಬೇಗ ಪ್ರಾಣ ತೆಗೆಯುತ್ತದೆ. ಉಪ್ಪಿನಕಾಯಿಯನ್ನು ಮೊದಲಿನಂತೆಯೇ ಹಾಕಿ, ತಟ್ಟೆಗೆ ಬಡಿಸುವುದನ್ನು ಇಳಿಸಿ. ಹತ್ತು ಗ್ರಾಂ, ಅಂದರೆ ಸಣ್ಣ ಎರಡು ಹೋಳು ಮತ್ತು ರಸ, ಅದರಲ್ಲೇ ಒಂದು ಗ್ರಾಂ ಆಸುಪಾಸು ಉಪ್ಪಿರುತ್ತದೆ. ಒಣಮೀನು ಇರುವ ದಿನ ಉಪ್ಪಿನಕಾಯಿ ಬೇಡ, ಉಪ್ಪಿನಕಾಯಿ ಇರುವ ದಿನ ಹಪ್ಪಳ ಬೇಡ. ಇಷ್ಟು ಪಾಲಿಸಿದರೂ ದೊಡ್ಡದು.

ಇನ್ನು ಯಾರ ತಟ್ಟೆಗೆ ಬೇಡ ಎಂಬ ಮಾತು. ಇದನ್ನು ಪೊಟ್ಟಣದ ಮೇಲೆ ಸಣ್ಣಕ್ಷರದಲ್ಲಿ ಬರೆದಿದ್ದರೂ ಓದುವವರು ಕಡಿಮೆ. ಆರೋಗ್ಯವಾಗಿರುವ ಕಿಡ್ನಿ ಹೆಚ್ಚಾದ ಪೊಟ್ಯಾಸಿಯಂ ಅನ್ನು ಹೊರಹಾಕುತ್ತದೆ. ಕಿಡ್ನಿ ಸೋತಿದ್ದರೆ ಅದು ರಕ್ತದಲ್ಲೇ ಏರುತ್ತ ಹೋಗಿ ಹೃದಯದ ಬಡಿತ ತಪ್ಪಿಸುತ್ತದೆ. ಬಹಳ ಸಲ ಮುನ್ಸೂಚನೆಯೇ ಇರುವುದಿಲ್ಲ. ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಎರಡೂ ಹತ್ತು ವರ್ಷದಿಂದ ಇರುವವರಲ್ಲಿ ಕಿಡ್ನಿ ಸೋತಿರುವುದು ಅವರಿಗೇ ಗೊತ್ತಿರದಿರಬಹುದು. ಎರಡನೆಯದು ಮಾತ್ರೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಓಲ್ಮೆಸಾರ್ಟಾನ್, ರಾಮಿಪ್ರಿಲ್, ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಇವೆಲ್ಲ ಪೊಟ್ಯಾಸಿಯಂ ಅನ್ನು ಮೈಯಲ್ಲಿ ಉಳಿಸುವ ಗುಣದವು. ಬಿ.ಪಿ.ಗೆ ಬಹಳ ಜನ ನುಂಗುವ ಮಾತ್ರೆಗಳೂ ಇವೇ. ಇವನ್ನು ನುಂಗುವವರೆಲ್ಲ ಈ ಉಪ್ಪು ಮುಟ್ಟಬಾರದೆಂದಲ್ಲ, ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರನ್ನು ಕೇಳದೆ ಶುರುಮಾಡಬಾರದು. ಬರೀ ಅಮ್ಲೋಡಿಪಿನ್ ನುಂಗುವವರಿಗೆ ಮಾತ್ರೆಯಿಂದ ಈ ತೊಡಕಿಲ್ಲ, ಕಿಡ್ನಿ ಸರಿಯಿದೆಯೇ ಎಂದು ನೋಡಿದರೆ ಸಾಕು.

ಕೇಳಬೇಕಾದ ಪರೀಕ್ಷೆ ಎರಡು: ಕಿಡ್ನಿಯ ಕೆಲಸ ತಿಳಿಸುವ ಸೀರಂ ಕ್ರಿಯಾಟಿನಿನ್ ಮತ್ತು ಸೀರಂ ಪೊಟ್ಯಾಸಿಯಂ. ಪೊಟ್ಯಾಸಿಯಂ 3.5ರಿಂದ 5.0ರ ನಡುವೆ ಇರಬೇಕು. ಮೊದಲೇ 5ರ ಹತ್ತಿರ ಇದ್ದರೆ ಈ ಪೊಟ್ಟಣ ಅಂಗಡಿಯಲ್ಲೇ ಇರಲಿ. ಡಾಕ್ಟರು ಒಪ್ಪಿ ಶುರುಮಾಡಿದರೆ ಎರಡರಿಂದ ನಾಲ್ಕು ವಾರದ ಮೇಲೆ ಮತ್ತೊಮ್ಮೆ ಮಾಡಿಸಿ. ದೂರದ ತೋಟಗಳಲ್ಲಿ ರಕ್ತ ತೆಗೆದು ಗಂಟೆಗಟ್ಟಲೆ ವಾಹನದಲ್ಲಿ ಲ್ಯಾಬಿಗೆ ಕಳಿಸಿದಾಗ ರಕ್ತಕಣ ಒಡೆದು ಪೊಟ್ಯಾಸಿಯಂ ಸುಳ್ಳೇ ಹೆಚ್ಚು ತೋರಿಸುವುದುಂಟು. ಅಂಕಿ ಅನುಮಾನ ಎನ್ನಿಸಿದರೆ ಲ್ಯಾಬ್ ಇರುವಲ್ಲಿಗೇ ಹೋಗಿ ಮತ್ತೆ ಕೊಡಿ. ಇನ್ನೊಂದು, ಇಳಿಜಾರಿನ ತೋಟದಲ್ಲಿ ಹತ್ತಿ ಇಳಿದು ಮೊಣಕಾಲು ನೋವೆಂದು ಮೆಡಿಕಲ್ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗುವ ಅಭ್ಯಾಸ. ಈ ನೋವಿನ ಮಾತ್ರೆಗಳು ಬಿ.ಪಿ. ಏರಿಸುತ್ತವೆ, ಕಿಡ್ನಿಗೂ ಹೊಡೆತ. ಟೆಲ್ಮಿಸಾರ್ಟಾನ್, ನೋವಿನ ಮಾತ್ರೆ, ಪೊಟ್ಯಾಸಿಯಂ ಉಪ್ಪು, ಈ ಮೂರೂ ಒಬ್ಬರ ಹೊಟ್ಟೆಯಲ್ಲಿ ಒಟ್ಟಿಗೆ ಸೇರಬಾರದು.

ಒಂದೇ ಪಾತ್ರೆಯಲ್ಲಿ ಇಡೀ ಮನೆಗೆ ಬೇಯುವ ಕಡೆ ಮೊಮ್ಮಕ್ಕಳು, ಬಸುರಿ ಸೊಸೆ, ಕಿಡ್ನಿ ತೊಂದರೆಯ ಅಜ್ಜ ಇದ್ದರೆ ಸುಲಭದ ದಾರಿ ಇದು: ಕರಿಯನ್ನು ಅರ್ಧ ಉಪ್ಪಿನಲ್ಲಿ, ಮಾಮೂಲಿ ಉಪ್ಪಿನಲ್ಲೇ ಬೇಯಿಸಿ. ಇಳಿಸುವ ಮೊದಲು ಅವರ ಪಾಲು ತೆಗೆದಿಟ್ಟು, ಉಳಿದದ್ದಕ್ಕೆ ಬದಲಿ ಉಪ್ಪು ಸೇರಿಸಿ ಒಂದು ಕುದಿ ಕೊಡಿ. ಕೊನೆಯಲ್ಲಿ ಹಾಕುವುದರಿಂದ ಅಯೋಡಿನ್ ಕೂಡ ಹೆಚ್ಚು ಉಳಿಯುತ್ತದೆ.

ಉಪ್ಪು ಬದಲಿಸುವಂತಿಲ್ಲ ಎಂದಾದವರು ಚಮಚ ಇಳಿಸಿದರೆ ಸಾಕು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಕಿಡ್ನಿ ಸರಿಯಿರುವವರಿಗೆ ಪೊಟ್ಯಾಸಿಯಂ ಪೊಟ್ಟಣದಿಂದಲೇ ಬರಬೇಕೆಂದೂ ಇಲ್ಲ. ನೂರು ಗ್ರಾಂ ಬೆಣ್ಣೆಹಣ್ಣಿನಲ್ಲಿ ಸುಮಾರು 485, ಬಾಳೆಹಣ್ಣಿನಲ್ಲಿ 360 ಮಿಲಿಗ್ರಾಂ ಇದೆ. ಕಾಫಿ ತೋಟದ ನಡುವೆ ಬೆಳೆದು ಉದುರಿ ಹೋಗುವ ಹಣ್ಣುಗಳಿವು. ಬೆಣ್ಣೆಹಣ್ಣಿಗೆ ಸಕ್ಕರೆ, ಹಾಲು ಸುರಿದು ಜ್ಯೂಸ್ ಮಾಡದೆ ಹಾಗೇ ತಿನ್ನಿ.

ಕೊಡಗಿನ ಮಳೆಗಾಲ ಈ ಉಪ್ಪಿನ ಶತ್ರು. ಸೋಡಿಯಂ, ಪೊಟ್ಯಾಸಿಯಂ ಎರಡೂ ಬೆರೆತ ಉಪ್ಪು ಮಾಮೂಲಿ ಉಪ್ಪಿಗಿಂತ ತುಸು ಮೊದಲೇ ನೀರು ಎಳೆಯುತ್ತದೆ. ಜೂನ್‌ನಲ್ಲಿ ತೆರೆದಿಟ್ಟ ಪೊಟ್ಟಣ ಒಂದೆರಡು ವಾರಕ್ಕೆ ಗಟ್ಟಿ ಹೆಂಟೆ. ಒದ್ದೆಯಾದ ಉಪ್ಪಿನಲ್ಲಿ ಚಮಚದ ಅಳತೆಯೂ ತಪ್ಪುತ್ತದೆ. ಅರ್ಧ ಕಿಲೋ ಪೊಟ್ಟಣವನ್ನೇ ತನ್ನಿ, ರಬ್ಬರ್ ಬಿಗಿಯ ಗಾಜಿನ ಭರಣಿಗೆ ಹಾಕಿ, ಹುರಿದು ಆರಿಸಿದ ಅಕ್ಕಿಯನ್ನು ತೆಳು ಬಟ್ಟೆಯಲ್ಲಿ ಗಂಟುಕಟ್ಟಿ ಒಳಗಿಡಿ, ಒಲೆಯ ಹಬೆಯಿಂದ ದೂರವಿರಲಿ. ತುಂಬುವ ಮೊದಲು ಪೊಟ್ಟಣ ಚೆನ್ನಾಗಿ ಕುಲುಕಿ. ಹರಳುಗಳ ಗಾತ್ರ ಬೇರೆ ಬೇರೆ ಇದ್ದರೆ ಒಂದು ಜಾತಿಯದು ತಳಕ್ಕಿಳಿದು ಒಂದು ದಿನ ಸಪ್ಪೆ, ಒಂದು ದಿನ ಕಹಿ ಆಗುತ್ತದೆ. ಬೆಲೆ ಮಾಮೂಲಿ ಉಪ್ಪಿಗಿಂತ ಹೆಚ್ಚೇ. ಆದರೆ ನಾಲ್ಕು ಜನರ ಮನೆಗೆ ಚಮಚ ಇಳಿಸಿದ ಮೇಲೆ ತಿಂಗಳಿಗೆ ಅರ್ಧ ಕಿಲೋಕ್ಕಿಂತ ಸ್ವಲ್ಪ ಮೇಲೆ ಸಾಕು.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ನಾಲಿಗೆಯಿಂದಲ್ಲ, ಮೆಷಿನ್‌ನಿಂದ. ತೋಳಿಗೆ ಸುತ್ತುವ ಮೆಷಿನ್ ಬಳಸಿ, ಮಣಿಕಟ್ಟಿನದು ಬೇಡ. ತೋಳಿನ ಸುತ್ತಳತೆ 32 ಸೆಂಟಿಮೀಟರ್ ದಾಟಿದ್ದರೆ ದೊಡ್ಡ ಪಟ್ಟಿ ಬೇಕು, ಸಣ್ಣ ಪಟ್ಟಿ ಸುಳ್ಳೇ ಹೆಚ್ಚು ತೋರಿಸುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಕುಡಿಯುವ ಊರಿದು, ಆದರೆ ಕಾಫಿ ಕುಡಿದ ಅರ್ಧ ಗಂಟೆಯೊಳಗೆ ಅಳೆಯಬೇಡಿ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಐದು ನಿಮಿಷ ಮಾತಿಲ್ಲದೆ ಕೂತು, ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಬೆಳಿಗ್ಗೆ, ಸಂಜೆ, ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದ ಆರು ದಿನದ ಸರಾಸರಿ ತೆಗೆಯಿರಿ. ಮನೆಯಲ್ಲಿ ಅಳೆದ ಸರಾಸರಿ 135/85 ಮುಟ್ಟಿದರೆ ಅದು ಹೆಚ್ಚೇ. ಪೊಟ್ಟಣ ಒಡೆಯುವ ಮೊದಲು ಒಂದು ವಾರ, ಎರಡು ತಿಂಗಳ ಮೇಲೆ ಒಂದು ವಾರ ಹೀಗೆ ಅಳೆದು ಹೋಲಿಸಿ. ಮೂರು, ನಾಲ್ಕು ಅಂಕಿ ಇಳಿದಿದ್ದರೆ ಉಪ್ಪು ತನ್ನ ಕೆಲಸ ಮಾಡಿದೆ. ಇಳಿದಿದೆ ಎಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ. 180/120 ದಾಟಿ, ಎದೆನೋವು, ಉಸಿರುಕಟ್ಟು, ಮಾತು ತೊದಲುವುದು ಕಂಡರೆ ಉಪ್ಪಿನ ಮಾತು ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಇಷ್ಟೆಲ್ಲ ಮಾಡಿಯೂ ಅಂಕಿ ಅಲ್ಲಾಡದಿದ್ದರೆ ಹೊರಗಿನ ಊಟ ನೋಡಬೇಕು. ಬೇಕರಿಯ ಖಾರ ಬನ್ನು, ಪಫ್ಸ್, ಹೋಟೆಲಿನ ಚಿಲ್ಲಿ ಪೋರ್ಕ್. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲೇ ಸುಮಾರು 900 ಮಿಲಿಗ್ರಾಂ ಸೋಡಿಯಂ, ದಿನದ ಪಾಲಿನ ಅರ್ಧದ ಹತ್ತಿರ. ಸಂಜೆಯ ಪೆಗ್ಗಿನ ಜೊತೆ ಹುರಿದ ಪಂದಿ, ಉಪ್ಪು ಕಡಲೆ. ಮದ್ಯ ತಾನೇ ಬಿ.ಪಿ. ಏರಿಸುತ್ತದೆ, ಜೊತೆಗೆ ಬರುವ ಉಪ್ಪು ಅದಕ್ಕೆ ಕೈಜೋಡಿಸುತ್ತದೆ. ಕೈಲ್‌ಪೊಳ್ದ್, ಪುತ್ತರಿ ಹಬ್ಬ, ಮದುವೆ ಸಾಲಿನ ದಿನಗಳಲ್ಲಿ ಅಡುಗೆಯವರಿಗೆ ಉಪ್ಪು ಬದಲಿಸಿ ಎಂದು ಹೇಳಲಾಗದು. ಅಲ್ಲಿ ಮಾಡಬಹುದಾದದ್ದು, ರಸದಲ್ಲೂ ಬೇಕಾದಷ್ಟು ಉಪ್ಪಿರುತ್ತದೆ ಎನ್ನುವುದನ್ನು ನೆನಪಿಟ್ಟು ತುಂಡು ಹಾಕಿಸಿಕೊಂಡು ರಸ ಕಡಿಮೆ ಮಾಡುವುದು, ಕಡಂಬುಟ್ಟನ್ನು ಅದರಲ್ಲಿ ಮುಳುಗಿಸದೆ ಬದಿಗೆ ಮುಟ್ಟಿಸಿ ತಿನ್ನುವುದು, ಉಪ್ಪಿನಕಾಯಿ ಬಡಿಸುವವರು ಬಂದಾಗ ಕೈ ಅಡ್ಡ ಹಿಡಿಯುವುದು. ಮರುದಿನ ಬೆಳಿಗ್ಗೆ ಅಂಕಿ ಏರಿದ್ದರೆ ಅದನ್ನೂ ಪುಸ್ತಕದಲ್ಲಿ ಬರೆದಿಡಿ. ಪಕ್ಕದಲ್ಲಿ ‘ಮದುವೆ ಊಟ’ ಎಂದು ಗುರುತು ಹಾಕಿದರೆ ಮುಂದಿನ ಸಲ ಡಾಕ್ಟರು ಅದನ್ನು ನೋಡಿ ಮಾತ್ರೆ ಹೆಚ್ಚಿಸಬೇಕೇ ಬೇಡವೇ ಎಂದು ಸರಿಯಾಗಿ ಹೇಳಬಲ್ಲರು.